ನಿದ್ರೆ ಬಾರದವರ ಮುಂದಿರುವ ದಾರಿಗಳು: ಯಾರಿಗೆ ಯಾವುದು?

ರಾತ್ರಿ ನಿದ್ರೆ ಬರುತ್ತಿಲ್ಲ ಎಂದು ಯಾರ ಬಳಿ ಹೇಳಿಕೊಂಡರೂ ಒಂದಲ್ಲ ಒಂದು ಉಪಾಯ ಸಿಕ್ಕೇ ಸಿಗುತ್ತದೆ. ಮನೆಯ ಹಿರಿಯರು ಬಿಸಿ ಹಾಲಿಗೆ ಜಾಯಿಕಾಯಿ ತೇಯ್ದು ಕುಡಿಯಲು ಹೇಳುತ್ತಾರೆ, ಕಚೇರಿಯ ಗೆಳೆಯರು ಮೆಲಟೋನಿನ್ ಮಾತ್ರೆಯ ಹೆಸರು ಹೇಳುತ್ತಾರೆ, ಯೋಗದ ತರಗತಿಗೆ ಹೋಗುವವರು ಯೋಗನಿದ್ರೆಯ ಧ್ವನಿಮುದ್ರಿಕೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತಾರೆ, ಇನ್ನು ಕೆಲವರು ತಮಗೆ ವೈದ್ಯರು ಬರೆದುಕೊಟ್ಟ ನಿದ್ರೆ ಮಾತ್ರೆಯಲ್ಲೇ ಅರ್ಧ ಮುರಿದು ಕೊಡುತ್ತಾರೆ. ಇವೆಲ್ಲವನ್ನೂ ಒಂದೇ ಸಾಲಿನಲ್ಲಿಟ್ಟು ‘ಯಾವುದಾದರೊಂದನ್ನು ಮಾಡಿ ನೋಡಿ’ ಎನ್ನುವುದರಿಂದಲೇ ಬಹಳ ಜನ ತಿಂಗಳುಗಟ್ಟಲೆ ಒಂದರಿಂದ ಇನ್ನೊಂದಕ್ಕೆ ಅಲೆಯುತ್ತಾರೆ. ಈ ಉಪಾಯಗಳು ಒಂದೇ ಕೆಲಸವನ್ನು ಮಾಡುವುದಿಲ್ಲ, ಅವುಗಳ ಹಿಂದಿರುವ ಆಧಾರವೂ ಒಂದೇ ತೂಕದ್ದಲ್ಲ. ಎಲ್ಲಕ್ಕಿಂತ ಗಟ್ಟಿಯಾದ ಆಧಾರವಿರುವ ದಾರಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನೇ ತಿದ್ದಿಕೊಳ್ಳುವ ಆ ದಾರಿಯನ್ನು ಬಹುತೇಕರಿಗೆ ಯಾರೂ ಹೇಳಿಕೊಟ್ಟಿರುವುದೇ ಇಲ್ಲ. ಈ ಹೋಲಿಕೆಯಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ತೊಂದರೆ ಯಾವುದೆಂದು ಗುರುತಿಸಿ

ಪರೀಕ್ಷೆ, ಮದುವೆಯ ಓಡಾಟ, ಮನೆಯಲ್ಲೊಂದು ಸಾವು, ಕೆಲಸ ಹೋಗುವ ಭಯ ಇಂಥವುಗಳಿಂದ ಕೆಲವು ದಿನ ನಿದ್ರೆ ಕೆಡುವುದು ಕಾಯಿಲೆಯಲ್ಲ. ಕಾರಣ ಸರಿದ ಮೇಲೆ ನಿದ್ರೆ ಸಾಮಾನ್ಯವಾಗಿ ತಾನಾಗಿ ಮರಳುತ್ತದೆ, ಅದಕ್ಕೆ ದೊಡ್ಡ ಚಿಕಿತ್ಸೆಯೂ ಬೇಕಾಗುವುದಿಲ್ಲ. ಮಲಗಲು ಸಾಕಷ್ಟು ಸಮಯ ಮತ್ತು ಅನುಕೂಲ ಇದ್ದೂ ವಾರಕ್ಕೆ ಕನಿಷ್ಠ 3 ರಾತ್ರಿ ನಿದ್ರೆ ಹತ್ತದೆ ಅಥವಾ ನಡುವೆ ಎಚ್ಚರವಾಗಿ, ಅದರಿಂದ ಹಗಲಿನ ಕೆಲಸವೂ ಕೆಡುತ್ತಾ, ಇದು 3 ತಿಂಗಳಿಗೂ ಮೀರಿ ನಡೆದರೆ ಮಾತ್ರ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎಂದು ಪರಿಗಣಿಸುತ್ತಾರೆ.

‘ಸಮಯ ಮತ್ತು ಅನುಕೂಲ ಇದ್ದೂ’ ಎಂಬ ಮಾತನ್ನು ಗಮನಿಸಬೇಕು. ರಾತ್ರಿ 11ಕ್ಕೆ ಕಾರ್ಖಾನೆಯಿಂದ ಬಂದು ಬೆಳಗ್ಗೆ 4.30ಕ್ಕೆ ನೀರು ಹಿಡಿಯಲು ಏಳುವ ಹೆಣ್ಣುಮಗಳಿಗೆ ಇರುವುದು ನಿದ್ರಾಹೀನತೆಯಲ್ಲ, ನಿದ್ರೆಗೆ ಅವಕಾಶವಿಲ್ಲದಿರುವುದು. ಆಕೆಗೆ ಬೇಕಾದದ್ದು ಮನೆಗೆಲಸದಲ್ಲಿ ಪಾಲು ಹಂಚಿಕೊಳ್ಳುವ ಕೈಗಳು. ಹಾಗೆಯೇ ರಾತ್ರಿ 2 ಗಂಟೆಯವರೆಗೆ ಕಣ್ಣು ಮುಚ್ಚದ, ಆದರೆ ರಜೆಯ ದಿನ 10 ಗಂಟೆಯವರೆಗೆ ಸೊಗಸಾಗಿ ನಿದ್ರಿಸುವ ಕಾಲೇಜು ಹುಡುಗನ ನಿದ್ರೆ ಕೆಟ್ಟಿಲ್ಲ, ಅವನ ದೇಹದ ಗಡಿಯಾರ ಹಿಂದೆ ಬಿದ್ದಿದೆ. ಇಬ್ಬರಿಗೂ ಒಂದೇ ಸಲಹೆ ಕೊಟ್ಟರೆ ಇಬ್ಬರಿಗೂ ಉಪಯೋಗವಾಗದು.

ಕೆಲವು ಲಕ್ಷಣಗಳಿದ್ದರೆ ಸ್ವಂತ ಪ್ರಯೋಗಗಳನ್ನು ಬದಿಗಿಟ್ಟು ವೈದ್ಯರನ್ನು ಕಾಣಬೇಕು. ಜೋರಾಗಿ ಗೊರಕೆ ಹೊಡೆಯುತ್ತಾ ನಡುನಡುವೆ ಉಸಿರು ಕಟ್ಟಿದಂತಾಗಿ, ಹಗಲು ಕುಳಿತಲ್ಲೇ ತೂಕಡಿಸುವವರಿಗೆ ನಿದ್ರೆಯಲ್ಲಿ ಉಸಿರುಗಟ್ಟುವ ತೊಂದರೆ ಇರಬಹುದು. ಮಲಗಿದೊಡನೆ ಕಾಲುಗಳಲ್ಲಿ ಹರಿದಾಡಿದಂಥ ಚಡಪಡಿಕೆ ಉಂಟಾಗಿ, ಕಾಲು ಆಡಿಸಿದರೆ ಅದು ಕಡಿಮೆಯಾಗುವಂತಿದ್ದರೆ ರಕ್ತದಲ್ಲಿ ಕಬ್ಬಿಣದಂಶದ ಸಂಗ್ರಹ ಎಷ್ಟಿದೆ ಎಂದು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ನಮ್ಮಲ್ಲಿ ರಕ್ತಹೀನತೆಯಿರುವ ಹೆಂಗಸರು ಬಹಳ ಇರುವುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಥೈರಾಯ್ಡ್ ಹೆಚ್ಚಾದಾಗಲೂ ನಿದ್ರೆ ಕೆಡುತ್ತದೆ. ಬೆಳಗಿನ ಜಾವ 3 ಗಂಟೆಗೇ ಎಚ್ಚರವಾಗಿ ಯಾವುದರಲ್ಲೂ ಆಸಕ್ತಿಯಿಲ್ಲದ ಭಾರವಾದ ಮನಸ್ಸು ವಾರಗಟ್ಟಲೆ ಉಳಿದರೆ ಅದು ಖಿನ್ನತೆಯ ಗುರುತಾಗಿರಬಹುದು.

ನಿದ್ರೆ ನಡೆಯುವ ಬಗೆ

ಯಾವ ಉಪಾಯ ಎಲ್ಲಿ ಕೆಲಸ ಮಾಡುತ್ತದೆ ಎಂದು ತಿಳಿಯಲು ಮೂರು ಸಂಗತಿಗಳು ಗೊತ್ತಿದ್ದರೆ ಸಾಕು. ಎಚ್ಚರವಾಗಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಕೂಡುತ್ತಾ ನಿದ್ರೆಯ ಒತ್ತಡ ಏರುತ್ತದೆ, ಇದು ಮೊದಲನೆಯದು. ಬೆಳಕು ಕತ್ತಲೆಗಳನ್ನು ಅನುಸರಿಸಿ ನಡೆಯುವ ದೇಹದ ಗಡಿಯಾರ ಎರಡನೆಯದು. ಈ ಎರಡೂ ಸರಿಯಿದ್ದರೂ ನಿದ್ರೆಯನ್ನು ತಡೆಯಬಲ್ಲ ಉದ್ವಿಗ್ನ ಎಚ್ಚರ ಮೂರನೆಯದು. ಸಂಜೆ ತಟ್ಟೆ ತುಂಬ ಬಜ್ಜಿ ತಿಂದವನಿಗೆ ರಾತ್ರಿ ಊಟದ ಹೊತ್ತಿಗೆ ಹಸಿವಾಗದಂತೆ, ಸಂಜೆ ಟಿ.ವಿ. ಮುಂದೆ ಅರ್ಧ ಗಂಟೆ ತೂಕಡಿಸಿದವರಿಗೆ ರಾತ್ರಿ ನಿದ್ರೆಯ ಒತ್ತಡವೇ ಉಳಿದಿರುವುದಿಲ್ಲ. ಕಾಫಿ ಚಹಾಗಳಲ್ಲಿರುವ ಕೆಫೀನ್ ಇದೇ ಅಡಿನೋಸಿನ್‌ನ ಕೆಲಸವನ್ನು ತಡೆಯುತ್ತದೆ. ಕುಡಿದ ಕೆಫೀನ್‌ನ ಅರ್ಧದಷ್ಟು ದೇಹದಿಂದ ಹೋಗಲು ಸಾಮಾನ್ಯವಾಗಿ 5 ಗಂಟೆ ಬೇಕಾಗುವುದರಿಂದ ಸಂಜೆ 6ರ ಸ್ಟ್ರಾಂಗ್ ಫಿಲ್ಟರ್ ಕಾಫಿಯ ಪ್ರಭಾವ ರಾತ್ರಿ 11ಕ್ಕೂ ಇರುತ್ತದೆ.

ನಿಯಮಗಳ ಪಟ್ಟಿಯೋ, ಹಾಸಿಗೆಯ ಹೊತ್ತಿನ ಶಿಸ್ತೋ?

ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಮತ್ತೆ ಮತ್ತೆ ಕಾಣುವುದು ನಿಯಮಗಳ ಪಟ್ಟಿ: ಕೋಣೆ ಕತ್ತಲಾಗಿರಲಿ, ಮೊಬೈಲ್ ದೂರವಿರಲಿ, ರಾತ್ರಿಯೂಟ ಬೇಗ ಮುಗಿಯಲಿ, ಸಂಜೆ ಕಾಫಿ ಬೇಡ. ಇವೆಲ್ಲ ಒಳ್ಳೆಯ ಅಭ್ಯಾಸಗಳೇ. ನಿದ್ರೆ ಚೆನ್ನಾಗಿರುವವರು ಅದನ್ನು ಉಳಿಸಿಕೊಳ್ಳಲು, ನಿದ್ರೆ ಸ್ವಲ್ಪ ಕೆಟ್ಟಿರುವವರು ಸರಿಪಡಿಸಿಕೊಳ್ಳಲು ಇವು ಸಾಕಾಗಬಹುದು. ಆದರೆ ತಿಂಗಳುಗಟ್ಟಲೆ ನಿದ್ರೆಯಿಲ್ಲದವರಿಗೆ ಈ ಪಟ್ಟಿಯೊಂದನ್ನೇ ಚಿಕಿತ್ಸೆಯೆಂದು ಕೊಡಬಾರದು ಎಂದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2021ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಎಲ್ಲ ನಿಯಮ ಪಾಲಿಸಿಯೂ ನಿದ್ರೆ ಬಾರದಾಗ ‘ತಪ್ಪು ನನ್ನದೇ ಇರಬೇಕು’ ಎಂಬ ಕೊರಗು ಸೇರಿ ರಾತ್ರಿ ಇನ್ನಷ್ಟು ಕಷ್ಟವಾಗುತ್ತದೆ. ಅಂಥವರಿಗೆ ಹೇಳಬೇಕಾದದ್ದು ಇಷ್ಟೇ: ತಪ್ಪು ನಿಮ್ಮದಲ್ಲ, ಉಪಾಯವೇ ಸಾಲದು.

ಸಾಲುವ ಉಪಾಯವೆಂದರೆ ಸಿಬಿಟಿ-ಐ ಎಂದು ಕರೆಯುವ, ನಿದ್ರಾಹೀನತೆಗೆಂದೇ ರೂಪುಗೊಂಡ ಅರಿವು-ವರ್ತನೆ ಚಿಕಿತ್ಸೆ. ವಯಸ್ಕರ ದೀರ್ಘಕಾಲದ ನಿದ್ರಾಹೀನತೆಗೆ ಔಷಧಿಗಿಂತ ಮೊದಲು ಇದನ್ನೇ ಕೊಡಬೇಕೆಂದು ಅಮೆರಿಕದ ವೈದ್ಯರ ಸಂಘಟನೆಯಾದ ‘ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್’ 2016ರಲ್ಲಿ ಶಿಫಾರಸು ಮಾಡಿತು, ಯುರೋಪಿನ ಮಾರ್ಗಸೂಚಿಗಳೂ ಅದನ್ನೇ ಹೇಳುತ್ತವೆ. ಇದರ ಬೆನ್ನೆಲುಬಾಗಿ ಎರಡು ಅಭ್ಯಾಸಗಳಿವೆ.

ಮೊದಲನೆಯದನ್ನು ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಸಿನ್ 1972ರಲ್ಲಿ ವಿವರಿಸಿದರು. ಹಾಸಿಗೆಯಲ್ಲಿ ಎಚ್ಚರವಾಗಿ ಹೊರಳಾಡುತ್ತಾ ಹೋದಷ್ಟೂ ಹಾಸಿಗೆಯೆಂದರೆ ಎಚ್ಚರದ ಜಾಗ ಎಂಬ ನಂಟು ಮೆದುಳಿನಲ್ಲಿ ಬೇರೂರುತ್ತದೆ. ಆದ್ದರಿಂದ ನಿದ್ರೆ ಬಂದಾಗ ಮಾತ್ರ ಮಲಗಬೇಕು; ಅಂದಾಜು ಕಾಲು ಗಂಟೆ ಇಪ್ಪತ್ತು ನಿಮಿಷವಾದರೂ ನಿದ್ರೆ ಹತ್ತದಿದ್ದರೆ ಎದ್ದು ಬೇರೆ ಕಡೆ ಕುಳಿತು, ಕಣ್ಣು ಎಳೆದಾಗ ಮತ್ತೆ ಬರಬೇಕು; ಗಡಿಯಾರ ನೋಡಬಾರದು; ರಾತ್ರಿ ಹೇಗೇ ಕಳೆದಿರಲಿ ಬೆಳಗ್ಗೆ ಒಂದೇ ಹೊತ್ತಿಗೆ ಏಳಬೇಕು. ‘ಬೇರೆ ಕೋಣೆಗೆ ಹೋಗಿ’ ಎಂಬ ಮಾತು ಎರಡು ಕೋಣೆಯ ಮನೆಯಲ್ಲಿ ಐದು ಜನ ಸಾಲಾಗಿ ಮಲಗುವವರಿಗೆ ಹೇಗೆ ಅನ್ವಯಿಸುತ್ತದೆ ಎಂದು ಕೇಳಬಹುದು. ಬೇಕಾದದ್ದು ಕೋಣೆಯಲ್ಲ, ಹಾಸಿಗೆಯಿಂದಾಚೆಗೆ ಒಂದು ಜಾಗ. ಅಡುಗೆಮನೆಯಲ್ಲಿ ಹಾಕಿಟ್ಟ ಪ್ಲಾಸ್ಟಿಕ್ ಕುರ್ಚಿ, ಒಂದು ಸಣ್ಣ ಬಲ್ಬಿನ ಬೆಳಕು, ತಣ್ಣಗಾಗದಂತೆ ಹೊದೆಯಲು ಒಂದು ಶಾಲು ಇದ್ದರೆ ಸಾಕು. ಬೆಳಗ್ಗೆ ಎದ್ದೊಡನೆ ಚಾಪೆ ಹಾಸಿಗೆಗಳನ್ನು ಸುತ್ತಿ ಮೂಲೆಗಿಡುವ ನಮ್ಮ ಮನೆಗಳ ಹಳೆಯ ರೂಢಿ ಈ ಚಿಕಿತ್ಸೆಯ ಅರ್ಧ ಕೆಲಸವನ್ನು ಮಾಡುತ್ತಿತ್ತು: ಹಗಲಿಡೀ ಹಾಸಿಗೆಯೇ ಕಣ್ಣಿಗೆ ಬೀಳದಿದ್ದರೆ ಅದರ ಮೇಲೆ ಉರುಳಿ ಮೊಬೈಲ್ ನೋಡುವ ಮಾತೇ ಇರುವುದಿಲ್ಲ. ಮಂಚ ಕೊಂಡ ಮೇಲೆ ಕೈಬಿಟ್ಟ ಈ ಶಿಸ್ತನ್ನು ಬೇರೆ ರೀತಿಯಲ್ಲಾದರೂ ಮರಳಿ ತರಬೇಕು.

ಎರಡನೆಯದು ಆರ್ಥರ್ ಸ್ಪೀಲ್ಮನ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ನಿದ್ರೆಯ ಹೊತ್ತನ್ನು ಮಿತಗೊಳಿಸುವ ವಿಧಾನ. ಐವತ್ತರ ಆಸುಪಾಸಿನ ಒಬ್ಬ ಗೃಹಿಣಿಯನ್ನು ಊಹಿಸಿಕೊಳ್ಳೋಣ. ಆಕೆ ರಾತ್ರಿ 9.30ಕ್ಕೆ ಮಲಗಿ ಬೆಳಗ್ಗೆ 6ಕ್ಕೆ ಏಳುತ್ತಾರೆ, ಅಂದರೆ ಹಾಸಿಗೆಯಲ್ಲಿ ಎಂಟೂವರೆ ಗಂಟೆ. ಒಂದು ವಾರ, ಗಡಿಯಾರ ನೋಡದೆ, ಪ್ರತಿದಿನ ಬೆಳಗ್ಗೆ ಅಂದಾಜಿನಿಂದ ಕ್ಯಾಲೆಂಡರಿನ ಮೇಲೆ ಬರೆದಿಟ್ಟಾಗ ನಿಜವಾಗಿ ನಿದ್ರಿಸಿದ್ದು ಸರಾಸರಿ ಐದೂವರೆ ಗಂಟೆಯೆಂದು ತಿಳಿಯುತ್ತದೆ. ಹಾಸಿಗೆಯ ಹೊತ್ತಿನಲ್ಲಿ ನಿದ್ರೆಯ ಪಾಲು ನೂರಕ್ಕೆ 65 ಮಾತ್ರ. ಉಳಿದ ಮೂರು ಗಂಟೆ ಹೊರಳಾಟ. ಈಗ ಆಕೆ ಏಳುವ ಹೊತ್ತನ್ನು 6ಕ್ಕೆ ಗಟ್ಟಿಮಾಡಿಕೊಂಡು, ಮಲಗುವ ಹೊತ್ತನ್ನು 12.30ಕ್ಕೆ ಒಯ್ಯಬೇಕು. ಮೊದಲ ವಾರ ಇದು ನಿಜಕ್ಕೂ ಕಷ್ಟ. ಹತ್ತು ಗಂಟೆಗೇ ಕಣ್ಣು ಕೂರುತ್ತದೆ, ಸೋಫಾದ ಮೇಲೆ ತಲೆ ವಾಲುತ್ತದೆ. ಆಗ ಎದ್ದು ನಾಳೆಗೆ ಸೊಪ್ಪು ಬಿಡಿಸುವುದು, ಕಾಳು ನೆನೆಹಾಕುವುದು, ಮಡಿಸದೆ ಉಳಿದ ಬಟ್ಟೆ ಮಡಿಸುವುದು ಮುಂತಾದ ಮಂದ ಬೆಳಕಿನಲ್ಲಿ ಮಾಡಬಹುದಾದ ಕೆಲಸಗಳನ್ನು ಇಟ್ಟುಕೊಳ್ಳಬೇಕು. ಹಾಸಿಗೆಯ ಹೊತ್ತಿನಲ್ಲಿ ನಿದ್ರೆಯ ಪಾಲು ನೂರಕ್ಕೆ 85ರಿಂದ 90 ದಾಟಿತೆಂದರೆ ಮುಂದಿನ ವಾರ 15 ನಿಮಿಷ ಮೊದಲು, ಅಂದರೆ 12.15ಕ್ಕೆ ಮಲಗಬಹುದು. ಹೀಗೆ ವಾರದಿಂದ ವಾರಕ್ಕೆ ಹಿಂದಕ್ಕೆ ಬರುತ್ತಾ ತನಗೆ ಸಾಕೆನಿಸುವ ನಿದ್ರೆಯ ಅಳತೆ ತಲುಪಬೇಕು. ಬರೆದ ಲೆಕ್ಕ ಎಷ್ಟೇ ಕಡಿಮೆ ತೋರಿಸಿದರೂ ಹಾಸಿಗೆಯ ಹೊತ್ತನ್ನು 5 ಗಂಟೆಗಿಂತ ಕೆಳಗಿಳಿಸಬಾರದು.

ಇದರಿಂದ ಏನು ಸಿಗುತ್ತದೆ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಸಿಬಿಟಿ-ಐ ಪಡೆದವರು ಸರಾಸರಿ 19 ನಿಮಿಷ ಬೇಗ ನಿದ್ರೆಗೆ ಜಾರಿದರು, ನಡುರಾತ್ರಿಯ ಎಚ್ಚರ 26 ನಿಮಿಷ ಕಡಿಮೆಯಾಯಿತು, ಆದರೆ ಚಿಕಿತ್ಸೆ ಮುಗಿದ ಹೊತ್ತಿಗೆ ಒಟ್ಟು ನಿದ್ರೆ ಹೆಚ್ಚಿದ್ದು ಸುಮಾರು 8 ನಿಮಿಷ ಮಾತ್ರ. ಅಂದರೆ ಚೂರುಚೂರಾಗಿದ್ದ ನಿದ್ರೆ ಒಂದಾಗುತ್ತದೆ, ರಾತ್ರಿಯ ಮೇಲಿನ ಭಯ ಹೋಗುತ್ತದೆ. ಎಂಟು ಗಂಟೆಯ ನಿದ್ರೆ ಸಿಗುತ್ತದೆಂಬ ಭರವಸೆ ಇದರಲ್ಲಿಲ್ಲ. ಲಾಭವು ಚಿಕಿತ್ಸೆ ನಿಂತ ಮೇಲೂ ಉಳಿಯುವುದೇ ಇದರ ದೊಡ್ಡ ಗುಣ, ಮಾತ್ರೆಗೆ ಇಲ್ಲದ ಗುಣ.

ಯಾರು ಇದನ್ನು ಸ್ವಂತವಾಗಿ ಮಾಡಬಾರದು ಎಂಬುದೂ ಅಷ್ಟೇ ಮುಖ್ಯ. ನಿದ್ರೆ ಕಡಿಮೆಯಾದರೆ ಮೂರ್ಛೆರೋಗವಿರುವವರಿಗೆ ಫಿಟ್ಸ್ ಬರಬಹುದು, ಬೈಪೋಲಾರ್ ಕಾಯಿಲೆಯಿರುವವರಿಗೆ ಉನ್ಮಾದ ಕೆರಳಬಹುದು. ಬಸ್ಸು, ಲಾರಿ, ಆಟೊ ಓಡಿಸುವವರು ಮತ್ತು ಯಂತ್ರಗಳ ಮುಂದೆ ಕೆಲಸ ಮಾಡುವವರು ಮೊದಲ ಕೆಲವು ವಾರಗಳ ತೂಕಡಿಕೆಯಿಂದ ಅಪಾಯಕ್ಕೆ ಸಿಲುಕಬಹುದು. ಇವರೆಲ್ಲರೂ, ಗರ್ಭಿಣಿಯರೂ, ಹಾಸಿಗೆಯ ಹೊತ್ತನ್ನು ಮಿತಗೊಳಿಸುವುದನ್ನು ವೈದ್ಯರನ್ನು ಕೇಳದೆ ಆರಂಭಿಸಬಾರದು. ಹೊತ್ತಿಗೆ ಸರಿಯಾಗಿ ಏಳುವ ಮತ್ತು ನಿದ್ರೆ ಬಾರದಾಗ ಹಾಸಿಗೆ ಬಿಡುವ ಅಭ್ಯಾಸವನ್ನಷ್ಟೇ ಇಟ್ಟುಕೊಳ್ಳಬಹುದು.

ಯೋಗನಿದ್ರೆ, ಸ್ನಾಯುಗಳ ಸಡಿಲಿಕೆ, ಬರವಣಿಗೆ

ಉದ್ವಿಗ್ನ ಎಚ್ಚರವೇ ಮುಖ್ಯ ತೊಂದರೆಯಾಗಿರುವವರಿಗೆ, ಅಂದರೆ ದೇಹ ದಣಿದಿದ್ದರೂ ತಲೆಯೊಳಗೆ ಲೆಕ್ಕಾಚಾರ ನಿಲ್ಲದವರಿಗೆ, ಈ ಗುಂಪು ಹೊಂದುತ್ತದೆ. ಬಿಹಾರದ ಮುಂಗೇರ್‌ನಲ್ಲಿ ಯೋಗಶಾಲೆ ಸ್ಥಾಪಿಸಿದ ಸ್ವಾಮಿ ಸತ್ಯಾನಂದ ಸರಸ್ವತಿಯವರು ಇಂದಿನ ರೂಪಕ್ಕೆ ತಂದ ಯೋಗನಿದ್ರೆಯಲ್ಲಿ ಗಮನವನ್ನು ದೇಹದ ಒಂದೊಂದೇ ಭಾಗದ ಮೇಲೆ ಒಯ್ಯಲಾಗುತ್ತದೆ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ರೂಪಿಸಿದ ವಿಧಾನದಲ್ಲಿ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸಲಾಗುತ್ತದೆ. ಸುಮ್ಮನೆ ಮಲಗಿ ಗಮನಿಸುವುದು ಕಷ್ಟವೆನಿಸುವವರಿಗೆ ಎರಡನೆಯದು ಸುಲಭ, ಏಕೆಂದರೆ ಅದರಲ್ಲಿ ಮಾಡಲು ಏನಾದರೂ ಇರುತ್ತದೆ. ಎರಡಕ್ಕೂ ಒಂದೇ ಎಚ್ಚರಿಕೆ: ಮೊದಲ ಕೆಲವು ವಾರ ಇವನ್ನು ಸಂಜೆಯ ಹೊತ್ತು, ಹಾಸಿಗೆಯ ಹೊರಗೆ ಕಲಿಯಬೇಕು. ನಡುರಾತ್ರಿ ‘ಇದರಿಂದಲಾದರೂ ನಿದ್ರೆ ಬರಲೇಬೇಕು’ ಎಂಬ ಹಟದಿಂದ ಮಾಡಿದರೆ ಅದೂ ಒಂದು ಪರೀಕ್ಷೆಯಾಗಿಬಿಡುತ್ತದೆ.

ಇವುಗಳಿಗಿಂತ ಕಡಿಮೆ ಶ್ರಮದ ಒಂದು ಉಪಾಯ ನನಗೆ ಬಹಳ ಹಿಡಿಸಿದ್ದು. ಮಲಗುವ ಮುನ್ನ 5 ನಿಮಿಷ, ನಾಳೆ ಮತ್ತು ಮುಂದಿನ ಕೆಲವು ದಿನಗಳಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿ ಬರೆದವರು, ಮಾಡಿ ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸರಾಸರಿ 9 ನಿಮಿಷದಷ್ಟು ಬೇಗ ನಿದ್ರಿಸಿದರೆಂದು 2018ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ ತೋರಿಸಿತು. ಪಟ್ಟಿ ವಿವರವಾಗಿದ್ದಷ್ಟೂ ಫಲ ಹೆಚ್ಚಿತ್ತು. ‘ಬ್ಯಾಂಕ್ ಕೆಲಸ’ ಎಂದು ಬರೆಯುವ ಬದಲು ‘ಬೆಳಗ್ಗೆ 11ಕ್ಕೆ ಪಾಸ್‌ಬುಕ್ ಮತ್ತು ಆಧಾರ್ ಪ್ರತಿ ತೆಗೆದುಕೊಂಡು ಹೋಗಿ ಕೆವೈಸಿ ಫಾರ್ಮ್ ಕೊಡುವುದು’ ಎಂದು ಬರೆದರೆ ಮನಸ್ಸು ಅದನ್ನು ಮತ್ತೆ ಮತ್ತೆ ನೆನಪಿಸುವ ಅಗತ್ಯವಿರುವುದಿಲ್ಲ. ಮೊಬೈಲಿನಲ್ಲಿ ಬರೆಯುವುದಕ್ಕಿಂತ ಕಾಗದದ ಮೇಲೆ ಬರೆಯುವುದು ಮೇಲು, ಏಕೆಂದರೆ ಮೊಬೈಲ್ ತೆರೆದವರು ಪಟ್ಟಿಯಲ್ಲಿಗೇ ನಿಲ್ಲುವುದು ಅಪರೂಪ.

ಮಾತ್ರೆಗಳು

ವೈದ್ಯರು ಬರೆದುಕೊಡುವ ಅಲ್ಪ್ರಾಜೋಲಾಮ್, ಜೋಲ್ಪಿಡೆಮ್ ಮುಂತಾದವು ಅಂದಿನ ರಾತ್ರಿಯೇ ಕೆಲಸ ಮಾಡುತ್ತವೆ. ಬೇರೆ ಯಾವ ಉಪಾಯಕ್ಕೂ ಈ ವೇಗವಿಲ್ಲ. ತೀವ್ರ ದುಃಖದ ಅಥವಾ ಆತಂಕದ ಕೆಲವೇ ದಿನಗಳಿಗೆ, ವೈದ್ಯರ ಕಣ್ಗಾವಲಿನಲ್ಲಿ, ಇವಕ್ಕೆ ಸ್ಥಾನವಿದೆ. ಆದರೆ ವಾರಗಟ್ಟಲೆ ತೆಗೆದುಕೊಂಡರೆ ದೇಹ ಒಗ್ಗಿಹೋಗುತ್ತದೆ, ಬಿಟ್ಟ ರಾತ್ರಿ ನಿದ್ರೆ ಮೊದಲಿಗಿಂತ ಕೆಡುತ್ತದೆ, ಆ ಅನುಭವವೇ ‘ಮಾತ್ರೆಯಿಲ್ಲದೆ ನನಗಾಗದು’ ಎಂಬ ನಂಬಿಕೆಯನ್ನು ಗಟ್ಟಿಮಾಡುತ್ತದೆ. ವಯಸ್ಸಾದವರಲ್ಲಿ ರಾತ್ರಿ ಬಚ್ಚಲಿಗೆ ಎದ್ದಾಗ ತೂರಾಡಿ ಬಿದ್ದು ಸೊಂಟದ ಮೂಳೆ ಮುರಿಯುವ ಅಪಾಯ ಹೆಚ್ಚುತ್ತದೆ. ಜೋಲ್ಪಿಡೆಮ್‌ನ ಅಮಲು ಮರುದಿನ ಬೆಳಗಿನವರೆಗೂ ಉಳಿಯುವುದರಿಂದ ಹೆಂಗಸರಿಗೆ ಕೊಡುವ ಪ್ರಮಾಣವನ್ನು ಅಮೆರಿಕದ ಔಷಧ ನಿಯಂತ್ರಕರು 2013ರಲ್ಲಿ 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿದರು. ನಮ್ಮ ದೇಶದಲ್ಲಿ ಅಲ್ಪ್ರಾಜೋಲಾಮ್, ಜೋಲ್ಪಿಡೆಮ್ ಎರಡೂ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಎಚ್1 ಪಟ್ಟಿಯಲ್ಲಿದ್ದು, ಔಷಧಿ ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ ಮಾರಬೇಕು. ಪರಿಚಯದ ಮೇಲೆ ಚೀಟಿಯಿಲ್ಲದೆ ಸಿಗುತ್ತದೆಂದರೆ ಅದು ಉಪಕಾರವಲ್ಲ.

ನೆಗಡಿ ಅಲರ್ಜಿಯ ಮಾತ್ರೆ, ಕೆಮ್ಮಿನ ಸಿರಪ್ಪುಗಳನ್ನು ನಿದ್ರೆಗಾಗಿ ಬಳಸುವುದು ಇದಕ್ಕಿಂತ ಸುರಕ್ಷಿತವೆಂಬ ನಂಬಿಕೆ ಸರಿಯಲ್ಲ. ಹಿರಿಯರಲ್ಲಿ ಇವು ಮರೆವು, ಗೊಂದಲ, ಮೂತ್ರ ಕಟ್ಟುವಿಕೆ ಉಂಟುಮಾಡುತ್ತವೆ. ಮದ್ಯ ಬೇಗ ನಿದ್ರೆ ತರಿಸಿ, ರಾತ್ರಿಯ ಎರಡನೆಯ ಅರ್ಧವನ್ನು ಒಡೆದುಹಾಕುತ್ತದೆ. ನಿದ್ರೆ ಮಾತ್ರೆಯೊಡನೆ ಮದ್ಯ ಸೇರಿದರೆ ಉಸಿರೇ ನಿಲ್ಲಬಹುದು.

ಮೆಲಟೋನಿನ್ ಕುರಿತು ಬಹಳ ತಪ್ಪು ತಿಳಿವಳಿಕೆಯಿದೆ. ಅದು ಗಡಿಯಾರಕ್ಕೆ ‘ಈಗ ರಾತ್ರಿ’ ಎಂದು ತಿಳಿಸುವ ಸಂಕೇತವೇ ಹೊರತು ಮಂಪರಿನ ಔಷಧವಲ್ಲ. 2013ರ ಒಂದು ವಿಶ್ಲೇಷಣೆಯಲ್ಲಿ ಅದರಿಂದ ನಿದ್ರೆ ಬಂದದ್ದು ಸರಾಸರಿ 7 ನಿಮಿಷ ಬೇಗ. ಹಗಲು ರಾತ್ರಿ ಅದಲುಬದಲಾಗುವ ದೂರದೇಶದ ವಿಮಾನಯಾನದ ನಂತರ, ಅಥವಾ ಗಡಿಯಾರ ಹಿಂದೆ ಬಿದ್ದ ಆ ಕಾಲೇಜು ಹುಡುಗನಂಥವರಿಗೆ, ವೈದ್ಯರು ಹೇಳಿದ ಹೊತ್ತಿನಲ್ಲಿ ಸಣ್ಣ ಪ್ರಮಾಣ ನೆರವಾಗಬಹುದು. ಚಿಂತೆಯಿಂದ ನಿದ್ರೆಗೆಟ್ಟವರು ಅದರಿಂದ ಹೆಚ್ಚು ನಿರೀಕ್ಷಿಸಬಾರದು.

ಅಶ್ವಗಂಧದ ಮೇಲೆ ಸಣ್ಣ ಅಧ್ಯಯನಗಳು ಕೆಲವಿವೆ, ನಿದ್ರೆ ಸ್ವಲ್ಪ ಸುಧಾರಿಸಿದ್ದು ಅವುಗಳಲ್ಲಿ ಕಂಡಿದೆ. ಆದರೆ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವರದಿಯಾಗಿವೆ, ಥೈರಾಯ್ಡ್ ಮೇಲೂ ಪರಿಣಾಮವಿದೆ, ಗರ್ಭಿಣಿಯರು ತೆಗೆದುಕೊಳ್ಳಬಾರದು. ಬಿಸಿ ಹಾಲಿನಿಂದ ಕೆಡುಕಿಲ್ಲ. ಜಾಯಿಕಾಯಿ ಚಿಟಿಕೆ ಮೀರಿದರೆ ಎದೆಬಡಿತ, ಭ್ರಮೆ ಉಂಟುಮಾಡುವ ವಸ್ತು, ಮಕ್ಕಳಿಗಂತೂ ಅದನ್ನು ಅಳತೆಯಿಲ್ಲದೆ ಕೊಡಬಾರದು. ಮನೆಮದ್ದುಗಳಲ್ಲಿ ಗಟ್ಟಿ ಆಧಾರವಿರುವುದು ಬಿಸಿನೀರಿನ ಸ್ನಾನಕ್ಕೆ: ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು 10 ನಿಮಿಷ ಬಿಸಿನೀರು ಹುಯ್ದುಕೊಂಡರೆ ಚರ್ಮಕ್ಕೆ ರಕ್ತ ಹರಿದು, ಆಮೇಲೆ ದೇಹದ ಒಳಗಿನ ತಾಪ ಇಳಿಯುತ್ತದೆ, ಆ ಇಳಿತವೇ ನಿದ್ರೆಗೆ ಅನುಕೂಲ.

ಕೈಗಡಿಯಾರಗಳೂ ಆ್ಯಪ್‌ಗಳೂ

ನಿದ್ರೆ ಅಳೆಯುವ ಗಡಿಯಾರಗಳು ಮಲಗಿದ, ಎದ್ದ ಹೊತ್ತನ್ನು ಸುಮಾರಾಗಿ ಸರಿಯಾಗಿ ಹೇಳುತ್ತವೆ. ಗಾಢನಿದ್ರೆ ಇಷ್ಟು, ಕನಸಿನ ನಿದ್ರೆ ಇಷ್ಟು ಎಂಬ ಲೆಕ್ಕವನ್ನು ಅಷ್ಟು ನಂಬುವಂತಿಲ್ಲ. ನಿದ್ರೆಯ ಅಂಕ ನೋಡಿಯೇ ಆತಂಕಕ್ಕೆ ಬೀಳುವವರನ್ನು ವೈದ್ಯರು 2017ರಲ್ಲೇ ಗುರುತಿಸಿದ್ದಾರೆ. ಈಗಾಗಲೇ ನಿದ್ರೆಯ ಚಿಂತೆಯಿರುವವರು ಆ ಗಡಿಯಾರವನ್ನು ಬಿಚ್ಚಿಟ್ಟು ಮಲಗುವುದು ಲೇಸು.

ಹಾಗಾದರೆ ಯಾರಿಗೆ ಯಾವುದು?

ಕೆಲವೇ ದಿನಗಳಿಂದ ನಿದ್ರೆ ಕೆಟ್ಟಿದ್ದರೆ ಏಳುವ ಹೊತ್ತನ್ನು ಮಾತ್ರ ಬದಲಿಸಬೇಡಿ. ತಪ್ಪಿದ ನಿದ್ರೆಯನ್ನು ತುಂಬಿಕೊಳ್ಳಲೆಂದು ಬೇಗ ಮಲಗುವುದು, ತಡವಾಗಿ ಏಳುವುದು, ಮಧ್ಯಾಹ್ನ ಎರಡು ಗಂಟೆ ಮಲಗುವುದು ಇವುಗಳಿಂದಲೇ ತಾತ್ಕಾಲಿಕ ತೊಂದರೆ ಬೇರೂರುತ್ತದೆ. ಮೂರು ತಿಂಗಳು ದಾಟಿದ್ದರೆ, ಮೇಲೆ ಹೇಳಿದ ಅಪಾಯಗಳಾವುವೂ ಇಲ್ಲದಿದ್ದರೆ, ಹಾಸಿಗೆಯ ಹೊತ್ತಿನ ಶಿಸ್ತನ್ನು ಆರಿಸಿ ಕನಿಷ್ಠ ಆರು ವಾರ ಬಿಡದೆ ಮಾಡಿ. ತಲೆಯೊಳಗಿನ ಗದ್ದಲವೇ ದೊಡ್ಡದಾಗಿದ್ದರೆ ಅದರ ಜೊತೆಗೆ ಪಟ್ಟಿ ಬರೆಯುವುದನ್ನೂ ಯೋಗನಿದ್ರೆಯನ್ನೂ ಸೇರಿಸಿಕೊಳ್ಳಿ. ತಡವಾಗಿ ಮಲಗಿ ತಡವಾಗಿ ಏಳುವವರಿಗೆ ಎದ್ದೊಡನೆ ಹೊರಗಿನ ಬೆಳಕಿನಲ್ಲಿ ಅರ್ಧ ಗಂಟೆ ನಡೆಯುವುದು ಬೇರೆಲ್ಲಕ್ಕಿಂತ ಮುಖ್ಯ. ಹಗಲಿನಲ್ಲಿ ಉತ್ಸಾಹವೇ ಇಲ್ಲವೆನ್ನುವವರಿಗೂ ಮೊದಲು ಹೇಳುವುದು ಇದನ್ನೇ, ಏಕೆಂದರೆ ಉತ್ಸಾಹ ಬಂದ ಮೇಲೆ ಎದ್ದೇಳುತ್ತೇನೆಂದು ಕಾದವರಿಗೆ ಅದು ಬರುವುದು ತಡ. ಎದ್ದು ಓಡಾಡಿದವರಲ್ಲಿ ಅದು ತಾನಾಗಿ ಹಿಂಬಾಲಿಸುತ್ತದೆ.

ಈಗಾಗಲೇ ತಿಂಗಳುಗಳಿಂದ ನಿದ್ರೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ಇಂದೇ ನಿಲ್ಲಿಸಬಾರದು. ಅಲ್ಪ್ರಾಜೋಲಾಮ್ ಥಟ್ಟನೆ ಬಿಟ್ಟರೆ ನಡುಕ, ತೀವ್ರ ಆತಂಕ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಬರೆದುಕೊಟ್ಟ ವೈದ್ಯರ ಜೊತೆ ಮಾತನಾಡಿ, ವಾರಗಳ ಅವಧಿಯಲ್ಲಿ ಹಂತಹಂತವಾಗಿ ಇಳಿಸುತ್ತಾ, ಅದೇ ಸಮಯದಲ್ಲಿ ಹಾಸಿಗೆಯ ಶಿಸ್ತನ್ನು ಕಟ್ಟಿಕೊಳ್ಳುವುದು ಸರಿಯಾದ ಕ್ರಮ. ಮನೋವೈದ್ಯರು ಹತ್ತಿರದಲ್ಲಿಲ್ಲದವರು ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮುನ್ನಡೆಸುತ್ತಿರುವ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬದುಕೇ ಬೇಡವೆನಿಸುವ ಯೋಚನೆ ನಿದ್ರೆಯಿಲ್ಲದ ರಾತ್ರಿಗಳಲ್ಲಿ ಬರುತ್ತಿದ್ದರೆ ಬೆಳಗಾಗುವವರೆಗೆ ಕಾಯದೆ ಮನೆಯವರನ್ನು ಎಬ್ಬಿಸಿ, ಆ ಸಂಖ್ಯೆಗೆ ಆಗಲೇ ಕರೆ ಮಾಡಿ.